ಮೇಲ್ ಸರ್ವರಿನೊಳಗೆ ನಮ್ಮದೂ ಒಂದು ತುಂಡು ಕೋಡ್

ಕಲಬುರಗಿಯ ಒಂದು ದಾಲ್ ಮಿಲ್ಲಿನ ಮೇಲ್ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಹಾಕಿರುವುದು ಅಪಾಚೆ ಜೇಮ್ಸ್ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್. ಜಾವಾದಲ್ಲಿ ಬರೆದದ್ದು, ಪುಕ್ಕಟೆ ಸಿಗುತ್ತದೆ, ಅದೆಲ್ಲ ಇರಲಿ. ನಾನು ಅದನ್ನು ಆರಿಸಿದ್ದು ಒಂದೇ ಕಾರಣಕ್ಕೆ: ಬಂದ ಮೇಲ್ ಯಾರದಾದರೂ ಇನ್‌ಬಾಕ್ಸ್ ಸೇರುವ ಮುಂಚೆ ಅದರ ಮೇಲೆ ನಮಗೆ ಬೇಕಾದ ಕೆಲಸ ಮಾಡಿಸಬಹುದು, ಅದಕ್ಕಾಗಿ ಸರ್ವರಿನ ಕೋಡ್ ಮುಟ್ಟಬೇಕಾಗಿಲ್ಲ. ಸಣ್ಣದೊಂದು ಕ್ಲಾಸ್ (ಜಾವಾ ಕೋಡಿನ ಒಂದು ಘಟಕ) ಬರೆದು, ಜಾರ್ (ಅಂಥ ಕೋಡಿನ ಕಟ್ಟು) ಮಾಡಿ ಜೇಮ್ಸ್ ಫೋಲ್ಡರಿಗೆ ಹಾಕಿ, ಸೆಟ್ಟಿಂಗ್ ಬರೆದಿಡುವ ಎಕ್ಸ್‌ಎಂಎಲ್ ಫೈಲಿನಲ್ಲಿ ಒಂದು ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು.

ಈ ತುಂಡುಗಳಲ್ಲಿ ಎರಡು ಬಗೆ. ಈ ಮೇಲ್ ಯಾರ ಮಟ್ಟಿಗೆ ಅನ್ವಯ ಅಂತ ನೋಡುವುದು ಮ್ಯಾಚರ್, ಕೆಲಸ ಮಾಡುವುದು ಮೇಲೆಟ್. ನಮ್ಮ ಗಂಜ್‌ನಲ್ಲಿ ತೊಗರಿ ಕೈಯಲ್ಲಿ ಹಿಡಿದು ದರ ಹೇಳುವವರು ಬೇರೆ, ಚೀಲ ಹೊತ್ತು ತೂಕಕ್ಕೆ ಹಾಕುವ ಹಮಾಲರು ಬೇರೆ, ಹಾಗೇ ಇದೂ. ಹೊಸಬರು ಎರಡನ್ನೂ ಒಂದೇ ಕ್ಲಾಸಿಗೆ ತುರುಕಿಬಿಡುತ್ತಾರೆ. ಆಮೇಲೆ ಅದೇ ಕೆಲಸ ಬೇರೆ ಷರತ್ತಿಗೆ ಬೇಕಾದಾಗ ಕಾಪಿ ಹೊಡೆಯುತ್ತಾ ಕೂರಬೇಕು.

ಮ್ಯಾಚರ್ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡುವುದಿಲ್ಲ, ವಿಳಾಸಗಳ ಪಟ್ಟಿ ಕೊಡುತ್ತದೆ. ನನ್ನ ಪ್ರಕಾರ ಇಡೀ ವಿನ್ಯಾಸದಲ್ಲಿ ಜಾಣತನ ಇರುವುದೇ ಇಲ್ಲಿ. ಬೆಂಗಳೂರಿನ ವ್ಯಾಪಾರಿಯೊಬ್ಬರು ಆರ್ಡರನ್ನು ಮಾಲೀಕರಿಗೂ ಗೋದಾಮಿಗೂ ಒಟ್ಟಿಗೆ ಕಳಿಸುತ್ತಾರೆ, ಜೊತೆಗೆ ಭಾರಿ ಸೈಜಿನ ಸ್ಕ್ಯಾನ್‌ಗಳು. ಗೋದಾಮಿನಲ್ಲಿ ಫೋನಿಗೆ ನೆಟ್ ಸಿಗುವುದೇ ಕಷ್ಟ, ಅವರಿಗೆ ಬರೀ ಬರಹ ಸಾಕು. ಮ್ಯಾಚರ್ ಗೋದಾಮಿನ ವಿಳಾಸವನ್ನಷ್ಟೇ ವಾಪಸ್ ಕೊಟ್ಟರೆ ಜೇಮ್ಸ್ ಆ ಮೇಲನ್ನು ಎರಡು ಮಾಡುತ್ತದೆ. ಒಂದು ಪ್ರತಿ ಅಟ್ಯಾಚ್‌ಮೆಂಟ್ ತೆಗೆಯುವ ಮೇಲೆಟ್‌ಗೆ ಹೋಗುತ್ತದೆ, ಮಾಲೀಕರ ಪ್ರತಿ ಇದ್ದಂತೆಯೇ ಮುಂದೆ ಸಾಗುತ್ತದೆ. ಮೇಲೆಟ್‌ಗೆ ಇದ್ಯಾವುದೂ ಗೊತ್ತಿರಬೇಕಾಗಿಲ್ಲ. ಒಂದು ಎಚ್ಚರ: ಮೇಲ್ ತೆರೆದಾಗ ಕಾಣುವ "ಟು" ಸಾಲನ್ನು ನಂಬಬೇಡಿ. ಯಾರಿಗೆ ತಲುಪಬೇಕು ಅನ್ನುವುದು ಸರ್ವರ್‌ಗಳು ಮಾತಾಡಿಕೊಳ್ಳುವಾಗ "ಆರ್‌ಸಿಪಿಟಿ ಟು" ಅಂತ ಬರುತ್ತದೆ, ಅದೇ ಲೆಕ್ಕ. ಬಿಸಿಸಿಯಲ್ಲಿ (ಗುಟ್ಟಿನ ಪ್ರತಿ) ಸೇರಿಸಿದವರ ಹೆಸರು "ಟು" ಸಾಲಿನಲ್ಲಿ ಇರುವುದೇ ಇಲ್ಲ ಅಲ್ವಾ?

ಮಿಲ್ಲಿನ ಲೆಕ್ಕ ಬರೆಯುವವರು ಒಮ್ಮೆ ಕೇಳಿದರು, "ಸರ, ಗುಲ್ಬರ್ಗಾ ಅಂತ ಬರ್ದದ್ದು ಒಂದ್ ಕಡಿ ಹೋಗ್ತದ, ಕಲಬುರಗಿ ಅಂತ ಬರ್ದದ್ದು ಇನ್ನೊಂದ್ ಕಡಿ ಹೋಗ್ತದ, ಯಾಕ್ರೀ?" ವಿಷಯದ ಸಾಲಿನಲ್ಲಿ ಊರಿನ ಹೆಸರು ನೋಡಿ ಮೇಲ್ ವಿಂಗಡಿಸುವ ಮ್ಯಾಚರ್ ಅದು. ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ, ಆದರೆ ಹೊರಗಿನ ವ್ಯಾಪಾರಿಗಳು ಇನ್ನೂ ಎರಡನ್ನೂ ಬರೆಯುತ್ತಾರೆ. ಇಂಥ ಪದಗಳೆಲ್ಲ ಕೋಡಿನಲ್ಲಿ ಇರಲೇಬಾರದು. ಎಕ್ಸ್‌ಎಂಎಲ್‌ನಲ್ಲಿ ಮ್ಯಾಚರ್ ಹೆಸರಿನ ಮುಂದೆ ಸಮ ಚಿಹ್ನೆ ಹಾಕಿ ಪದ ಕೊಡುವ ಸೌಲಭ್ಯ ಇದೆ, ಶುರುವಿನಲ್ಲಿ ಓಡುವ ಇನಿಟ್ ಮೆಥಡ್ ಅದನ್ನು ಒಮ್ಮೆ ಓದಿ ಇಟ್ಟುಕೊಳ್ಳುತ್ತದೆ. ಪದ ಸೇರಿಸಲು ಯಾರೂ ಜಾವಾ ತೆರೆಯಬೇಕಾಗಿಲ್ಲ.

ಆದರೆ ಕನ್ನಡದಲ್ಲಿ ಬರೆದ ವಿಷಯದ ಸಾಲು ಇನ್ನೊಂದು ಆಟ ಆಡುತ್ತದೆ. ಅದು ಸಾಮಾನ್ಯವಾಗಿ ಕನ್ನಡದಲ್ಲೇ ಬರುವುದಿಲ್ಲ, ಆರ್‌ಎಫ್‌ಸಿ 2047 (ಇಂಟರ್ನೆಟ್ಟಿನ ನಿಯಮಗಳ ದಾಖಲೆಗಳಲ್ಲಿ ಒಂದು) ಹೇಳಿದಂತೆ ಬೇಸ್64 ವೇಷ ಹಾಕಿಕೊಂಡು ಬರುತ್ತದೆ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿಗಳ ರೂಪದಲ್ಲಿ. ಕಂಪ್ಯೂಟರಿನಲ್ಲಿ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ 3 ಬೈಟ್. ಬೇಸ್64 ಪ್ರತಿ 3 ಬೈಟನ್ನು 4 ಗುರುತು ಮಾಡುತ್ತದೆ. ಲೆಕ್ಕ ಸರಿಯಾಗಿ ಕೂಡಿಬರುವುದರಿಂದ ಬರೀ ಕನ್ನಡ ಇರುವ ಸಾಲನ್ನು ಹಸಿಯಾಗಿ ನೋಡಿದರೆ "4 ಎಲ್ ಕೆ", "4 ಎಲ್ ಓ" ಅಂತ ಮತ್ತೆ ಮತ್ತೆ ಕಾಣುತ್ತದೆ. ನನಗಂತೂ ಈಗ ಡಿಕೋಡ್ ಮಾಡದೆಯೇ "ಓ, ಕನ್ನಡ" ಅಂತ ಗೊತ್ತಾಗುತ್ತದೆ. ಇನ್ನೂ ಇದೆ. ಇಂಥ ಒಂದು ತುಣುಕು 75 ಗುರುತು ಮೀರಬಾರದು. ಸುತ್ತಲಿನ ಅಲಂಕಾರ ಕಳೆದರೆ ಉಳಿಯುವ ಜಾಗದಲ್ಲಿ 15 ಕನ್ನಡ ಸಂಕೇತ ಹಿಡಿಯುತ್ತದೆ, ಅದರಲ್ಲಿ ಕಲಬುರಗಿ ಒಂದೇ 7 ತಿನ್ನುತ್ತದೆ. ಹಾಗಾಗಿ ಉದ್ದ ಸಾಲು ಎರಡು ಮೂರು ತುಣುಕಾಗುತ್ತದೆ, ನೀವು ಹುಡುಕುವ ಪದ ಅರ್ಧ ಅಲ್ಲಿ ಅರ್ಧ ಇಲ್ಲಿ. ಮೊದಲು ಎಲ್ಲವನ್ನೂ ಬಿಚ್ಚಿ ಜೋಡಿಸಿ, ಆಮೇಲೆ ಹುಡುಕಿ. ಇಂಗ್ಲಿಷ್ ಮೇಲ್‌ಗಳಲ್ಲಿ ಮಾತ್ರ ಟೆಸ್ಟ್ ಮಾಡಿದರೆ ಇದು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ. ಜೇಮ್ಸ್ ಜೊತೆ ಫೇಕ್‌ಮೇಲ್ ಅನ್ನುವ ಕ್ಲಾಸ್ ಬರುತ್ತದೆ, ಸರ್ವರ್ ಶುರು ಮಾಡದೆಯೇ ಇದನ್ನೆಲ್ಲ ಪರೀಕ್ಷೆ ಮಾಡಬಹುದು.

ಒಂದೇ ಮೇಲೆಟ್ ಆಬ್ಜೆಕ್ಟನ್ನು ಹಲವು ಥ್ರೆಡ್‌ಗಳು (ಏಕಕಾಲಕ್ಕೆ ಓಡುವ ಕೆಲಸಗಳು) ಒಟ್ಟಿಗೆ ಕರೆಯುತ್ತವೆ. ಈಗ ಕೈಯಲ್ಲಿರುವ ಮೇಲ್‌ನ ವಿವರವನ್ನು ಕ್ಲಾಸಿನ ಫೀಲ್ಡಿನಲ್ಲಿ ಇಟ್ಟರೆ ಒಬ್ಬರ ಬಿಲ್ ಇನ್ನೊಬ್ಬರಿಗೆ ಹೋಗುತ್ತದೆ. ಮುಂದಿನ ಮೇಲೆಟ್‌ಗೆ ಏನಾದರೂ ತಿಳಿಸಬೇಕಿದ್ದರೆ ಆ ಮೇಲಿಗೇ ಆಟ್ರಿಬ್ಯೂಟ್ ಅಂಟಿಸಿ, ಕ್ಯೂನಲ್ಲೂ ಅದು ಜೊತೆಗೇ ಇರುತ್ತದೆ.

ಈಗ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವ ಜಾಗ. ನಮ್ಮ ಸರ್ವರ್ 250, ಅಂದರೆ ಮೇಲ್ ಸ್ವೀಕರಿಸಿದೆ, ಅಂತ ಉತ್ತರ ಕೊಟ್ಟ ಕ್ಷಣದಿಂದ ಆ ಮೇಲ್‌ನ ಹೊಣೆ ನಮ್ಮದು. ಆರ್‌ಎಫ್‌ಸಿ 5321 ಇದನ್ನು ಕಡ್ಡಾಯವಾಗಿ ಹೇಳುತ್ತದೆ. ಮೇಲೆಟ್ ಓಡುವುದು ಆ 250 ಆದಮೇಲೆ. ನಿಮ್ಮ ಕೋಡ್ ಆ ಮೇಲ್‌ನ ಸ್ಥಿತಿಯನ್ನು ಘೋಸ್ಟ್ ಅಂತ ಮಾಡಿದರೆ ಅದರ ಪಯಣ ಅಲ್ಲಿಗೇ ಮುಗಿಯಿತು, ಕಳಿಸಿದವರಿಗೆ ಸುದ್ದಿಯೂ ಇಲ್ಲ. ಆದ್ದರಿಂದ ಒಂದು ತುಂಡು ಬರೆಯುವ ಮುಂಚೆ ಅದು ಕೆಟ್ಟರೆ ಏನಾಗಬೇಕು ಅಂತ ಬರೆದುಕೊಳ್ಳುತ್ತೇನೆ. ಜೇಮ್ಸ್‌ನಲ್ಲಿ ಇದನ್ನು ಪ್ರತಿ ಸಾಲಿಗೂ ಬೇರೆ ಬೇರೆ ಹೇಳಬಹುದು: ಮ್ಯಾಚರ್ ಎಡವಿದರೆ ಎಲ್ಲರಿಗೂ ಅನ್ವಯ, ಯಾರಿಗೂ ಇಲ್ಲ, ಅಥವಾ ಎರರ್ ದಾರಿ, ಮೇಲೆಟ್ ಎಡವಿದರೆ ಇಗ್ನೋರ್ ಅಥವಾ ಎರರ್. ಕೊನೆಯಲ್ಲಿ ಕಂಪನಿ ವಿಳಾಸ ಸೇರಿಸುವ ಮೇಲೆಟ್ ಕೆಟ್ಟರೆ ಇಗ್ನೋರ್, ಆರ್ಡರ್ ನಿಲ್ಲಬಾರದು. ವೈರಸ್ ನೋಡುವುದು ಕೆಟ್ಟರೆ ಎರರ್, ಮೇಲ್ ಅಲ್ಲೇ ನಿಲ್ಲಲಿ. ಎರರ್ ಆದದ್ದು ಒಂದು ಕಡೆ ಶೇಖರವಾಗುತ್ತದೆ, ಅದನ್ನು ದಿನಾ ತೆರೆದು ನೋಡುವವರು ಒಬ್ಬರು ಬೇಕು. ನಮ್ಮಲ್ಲಿ ಚಹಾ ಹೊತ್ತಿಗೆ ಆ ಕೆಲಸ.

ಸ್ಪ್ಯಾಮ್ ತಿರಸ್ಕರಿಸುವುದನ್ನು ಮಾತ್ರ ಮೇಲೆಟ್‌ಗೆ ಬಿಡಬೇಡಿ. 250 ಕೊಟ್ಟ ಮೇಲೆ ವಾಪಸ್ ಕಳಿಸಲು ಹೋದರೆ ಆ ಬೌನ್ಸ್ ಹೋಗುವುದು ಸ್ಪ್ಯಾಮಿನಲ್ಲಿದ್ದ ಸುಳ್ಳು ವಿಳಾಸಕ್ಕೆ, ಅಂದರೆ ಏನೂ ಅರಿಯದ ಯಾರಿಗೋ. ತಿರಸ್ಕಾರ ಸರ್ವರ್‌ಗಳ ನಡುವೆ ಎಸ್‌ಎಂಟಿಪಿ ಮಾತುಕತೆ ನಡೆಯುವಾಗಲೇ ಆಗಬೇಕು. ಪೋಸ್ಟ್‌ಫಿಕ್ಸ್ ಅನ್ನುವ ಇನ್ನೊಂದು ಮೇಲ್ ಸರ್ವರ್ ಬಳಸುವವರಿಗೆ 2006ರ 2.3 ಆವೃತ್ತಿಯಿಂದ ಮಿಲ್ಟರ್ ಅನ್ನುವ ಸೋಸುವ ವ್ಯವಸ್ಥೆ ಇದೆ, ಅದರ ಜಾಗ ಸರಿಯಾಗಿ ಅಲ್ಲೇ.

ಇನ್ನು ಸಾಲಿನ ಕ್ರಮ. ಹೊರಗೆ ಹೋಗುವ ಮೇಲಿಗೆ ಡಿಕಿಮ್ ಸಹಿ (ಮೇಲ್ ನಮ್ಮ ಡೊಮೇನಿನದೇ ಅನ್ನುವ ಡಿಜಿಟಲ್ ಗುರುತು) ಹಾಕುತ್ತೇವೆ, ಆ ಸಹಿಯಲ್ಲಿ ಮೇಲ್‌ನ ಒಡಲಿನ ಹ್ಯಾಶ್, ಅಂದರೆ ಬರಹದಿಂದ ಲೆಕ್ಕ ಹಾಕಿದ ಬೆರಳಚ್ಚು, ಇರುತ್ತದೆ. ಸಹಿ ಆದಮೇಲೆ ಕಂಪನಿ ವಿಳಾಸ ಅಂಟಿಸಿದರೆ ಸಹಿ ಕೆಟ್ಟಿತು. ಕನ್ನಡದ ಒಡಲು 8 ಬಿಟ್‌ನಲ್ಲಿದ್ದರೆ ದಾರಿಯಲ್ಲಿ ಯಾವುದೋ ಹಳೆ ಸರ್ವರ್ ಅದನ್ನು ಬೇರೆ ರೂಪಕ್ಕೆ ತಂದು ಕೆಡಿಸಬಹುದು. ಹಾಗಾಗಿ ಮೊದಲು ವಿಳಾಸ, ಆಮೇಲೆ 7 ಬಿಟ್‌ಗೆ (ಹಳೆ ಸರ್ವರ್‌ಗಳೂ ಮುಟ್ಟದೆ ಸಾಗಿಸುವ ರೂಪಕ್ಕೆ) ಇಳಿಸುವ ಮೇಲೆಟ್, ಆಮೇಲೆ ಸಹಿ, ಕೊನೆಗೆ ರವಾನೆ. ಎಕ್ಸ್‌ಎಂಎಲ್‌ನಲ್ಲಿ ಈ ನಾಲ್ಕು ಸಾಲಿನ ಮೇಲೆ ಒಂದು ಕಾಮೆಂಟ್ ಹಾಕಿದ್ದೇನೆ: "ಕ್ರಮ ಬದಲಿಸೋ ಮುಂಚೆ ಫೋನ್ ಮಾಡ್ರಿ."