ಮಠದ ಮಕ್ಕಳಿಗೆ ಒಂದು ಚೀಲ ರಾಗಿ

ಇವತ್ತು ತುಮಕೂರು ಬಸ್ಸಲ್ಲಿ ಪಕ್ಕದ ಸೀಟಿನ ಯಜಮಾನರ ಕಾಲ ಹತ್ತಿರ ಒಂದು ರಾಗಿ ಚೀಲ. ಬಾಯಿಯನ್ನು ಗೋಣಿದಾರದಲ್ಲಿ ಬಿಗಿಯಾಗಿ ಹೊಲಿದಿದ್ದರು. ಮೂಲೆಯಲ್ಲಿ ಸಣ್ಣ ತೂತು, ಅದಕ್ಕೆ ಹಳೇ ಸೀರೆ ತುಂಡಿನ ತೇಪೆ. ಒಂದು ಕಾಳೂ ಚೆಲ್ಲಬಾರದು ಅಂತ ಮನೆಯಾಕೆ ಹಾಕಿದ್ದಂತೆ.

"ಮಾರೋಕಾ ಯಜಮಾನ್ರೇ?"

"ಇಲ್ಲಪ್ಪ, ಸಿದ್ಧಗಂಗೆ ಮಠದ ಮಕ್ಕಳಿಗೆ. ಒಕ್ಕಣೆ ಮುಗೀತಿದ್ದಂಗೆ ಮೊದ್ಲು ಇದನ್ನ ತೆಗೆದಿಡ್ತೀವಿ."

ದಾನ ಕೊಡುವ ಗತ್ತು ಒಂಚೂರೂ ಇರಲಿಲ್ಲ. ಮನೆ ಮಕ್ಕಳ ಬಗ್ಗೆ ಮಾತಾಡಿದ ಹಾಗೇ ಇತ್ತು.

ಅಲ್ಲಿ ಸುಮಾರು 10 ಸಾವಿರ ಮಕ್ಕಳು. ಊಟ, ವಸತಿ, ಓದು ಎಲ್ಲ ಉಚಿತ. ಯಾವ ಜಾತಿ, ಯಾವ ಧರ್ಮ ಅಂತ ನೋಡುವುದಿಲ್ಲ. ಬಡವರ ಮನೆ ಮಕ್ಕಳೇ ಜಾಸ್ತಿ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಮಕ್ಕಳ ಮಧ್ಯಾಹ್ನದ ಊಟ ಆದ ಮೇಲೆಯೇ ಸುದ್ದಿ ಹೇಳಿದರು. ಮೊದಲು ಮಕ್ಕಳು ಉಣ್ಣಲಿ ಅನ್ನೋದು ಸ್ವಾಮೀಜಿಯವರದೇ ಆಸೆಯಾಗಿತ್ತಂತೆ. ಇದನ್ನು ನೆನೆದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ದೊಡ್ಡವರ ದೇಣಿಗೆಯೂ ಬರುತ್ತದೆ, ನಿಜ. ಆದರೆ ಇಷ್ಟು ವರ್ಷ ದಾಸೋಹದ ಒಲೆ ಉರಿದಿದ್ದು ಮಳೆ ನಂಬಿ ಬೆಳೆಯುವ ಇಂಥವರಿಂದಲೂ ಅಲ್ವಾ? ಇವರ ಫೋಟೋ ಎಲ್ಲೂ ಬರುವುದಿಲ್ಲ.

ಮುಂದಿನ ತಿಂಗಳು ನಮ್ಮ ತೋಟದಲ್ಲಿ ಕಾಯಿ ಕೀಳಿಸುತ್ತೇವೆ. ಒಂದಷ್ಟು ಮಠಕ್ಕೆ ಅಂತ ಈಗಲೇ ಅಮ್ಮನಿಗೆ ಹೇಳಿದ್ದೇನೆ. ತುಮಕೂರು ಕಡೆಯ ಗೆಳೆಯರು ಯಾರಾದ್ರೂ ಜೊತೆಗೆ ಬರ್ತೀರಾ?