ಆ್ಯಪ್‌ಇಮೇಜ್ ಮೆನುವಿಗೆ ಬರಬೇಕಾದರೆ

ಆ್ಯಪ್‌ಇಮೇಜ್ ಎಂದರೆ ಇನ್‌ಸ್ಟಾಲ್ ಮಾಡದೆಯೇ ಓಡುವ, ಇಡೀ ಆ್ಯಪ್ ಒಂದೇ ಫೈಲ್‌ನಲ್ಲಿರುವ ಲಿನಕ್ಸ್ ರೂಪ. ಉಬುಂಟು 24.04ರಲ್ಲಿ ಇಳಿಸಿಕೊಂಡ ಆ್ಯಪ್‌ಇಮೇಜ್ ತೆರೆಯದಿದ್ದರೆ ಫೈಲೇ ಕೆಟ್ಟಿದೆ ಅಂದುಕೊಳ್ಳಬೇಡಿ. ಮೊದಲು ಪ್ರಾಪರ್ಟೀಸ್‌ಗೆ ಹೋಗಿ ಎಕ್ಸಿಕ್ಯೂಟಬಲ್ ಅನುಮತಿ (ಪ್ರೋಗ್ರಾಂ ಆಗಿ ಓಡಲು ಅನುಮತಿ) ಕೊಡಿ. ಆಗಲೂ ಸದ್ದಿಲ್ಲವೇ? ಟರ್ಮಿನಲ್‌ನಿಂದ ಓಡಿಸಿ. ಬಹಳ ಸಲ ಫ್ಯೂಸ್ 2 ಲೈಬ್ರರಿ (ಆ್ಯಪ್‌ಇಮೇಜ್ ತನ್ನೊಳಗಿನ ಫೈಲ್‌ಗಳನ್ನು ತೆರೆಯಲು ಬಳಸುವ ಸಹಾಯಕ ಕೋಡ್) ಸಿಗಲಿಲ್ಲ ಎಂಬ ತಕರಾರು ಕಾಣುತ್ತದೆ, 22.04ರಿಂದ ಅದು ತಾನಾಗಿ ಬರುವುದಿಲ್ಲ. ಹಾಕಬೇಕಾದದ್ದು ಲಿಬ್‌ಫ್ಯೂಸ್2ಟಿ64 (libfuse2t64) ಪ್ಯಾಕೇಜ್. ಹೆಸರು ಹತ್ತಿರವಿದೆ ಎಂದು ಬರೀ ಫ್ಯೂಸ್ (fuse) ಪ್ಯಾಕೇಜ್ ಹಾಕೀರಿ ಜೋಕೆ: ಅದು ಫ್ಯೂಸ್3 ಅನ್ನು ಕಿತ್ತು, ಜೊತೆಗೆ ಡೆಸ್ಕ್‌ಟಾಪ್‌ನ ಭಾಗಗಳನ್ನೂ ಕಿತ್ತುಹಾಕಬಹುದು.

ಮೆನುವಿನಲ್ಲಿ ಕಾಣಲು ಹೋಮ್‌ನ ಡಾಟ್‌ಲೋಕಲ್ (.local), ಅದರೊಳಗಿನ ಶೇರ್, ಅದರೊಳಗಿನ ಅಪ್ಲಿಕೇಶನ್ಸ್ ಫೋಲ್ಡರ್‌ನಲ್ಲಿ ಡೆಸ್ಕ್‌ಟಾಪ್ ಫೈಲ್ (ಆ್ಯಪ್‌ನ ಹೆಸರು, ಜಾಗ ತಿಳಿಸುವ, .desktop ಎಂದು ಕೊನೆಯಾಗುವ ಪಠ್ಯ ಫೈಲ್) ಬರೆಯಿರಿ. ಯಾವ ಫೈಲ್ ಓಡಿಸಬೇಕೆಂದು ಹೇಳುವ ಅದರ ಎಕ್ಸೆಕ್ (Exec) ಸಾಲಿನಲ್ಲಿ ಹೋಮ್‌ಗೆ ಬದಲಾಗಿ ಬರೆಯುವ ಟಿಲ್ಡೆ ಚಿಹ್ನೆ (~) ನಡೆಯದು, ಪೂರ್ತಿ ಪಾಥ್ ಬೇಕು. ಆ್ಯಪ್‌ಇಮೇಜ್ ಹೆಸರಿನಿಂದ ಆವೃತ್ತಿ ಸಂಖ್ಯೆ ತೆಗೆದುಬಿಡಿ. ಹೊಸದು ಬಂದಾಗ ಅದೇ ಹೆಸರಿನಲ್ಲಿ ಇಟ್ಟರೆ ಎಕ್ಸೆಕ್ ಸಾಲನ್ನು ಮುಟ್ಟಬೇಕಿಲ್ಲ.