ಇಸ್ಪೀಟೆಲೆಯ ಬೆನ್ನಿಗೆ ಯಾವ ವಿನ್ಯಾಸ?

ಸ್ವಂತದ್ದೊಂದು ಇಸ್ಪೀಟು ಕಟ್ಟು ಮಾಡಿಸಲು ಹೊರಟವರು ರಾಜ, ರಾಣಿಯರ ಮುಖಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಬೆನ್ನನ್ನು ಕೊನೇ ದಿನಕ್ಕೆ ಬಿಡುತ್ತಾರೆ. ಆಡುವಾಗ ಎದುರಿನವರಿಗೆ ಕಾಣುವುದು ಬೆನ್ನೇ. ಯಾವ ಎಲೆ ಯಾವುದೆಂದು ಅದು ಬಾಯಿಬಿಡಬಾರದು, ಅಷ್ಟೇ ಅದರ ಕೆಲಸ.

ಎಲೆ ತಲೆಕೆಳಗಾದರೂ ಬೆನ್ನು ಹಾಗೇ ಕಾಣಬೇಕು. ಮೇಲಿನ ಅರ್ಧ ಮಾತ್ರ ಬರೆದು, ಅದರ ಪ್ರತಿಯನ್ನು ನಡುಬಿಂದುವಿನ ಸುತ್ತ 180 ಡಿಗ್ರಿ ತಿರುಗಿಸಿ ಕೂರಿಸಿ. ಬಹಳ ಜನ ತಿರುಗಿಸುವ ಬದಲು ನೀರಲ್ಲಿ ಬಿದ್ದ ಬಿಂಬದ ಹಾಗೆ ಮಗುಚಿಬಿಡುತ್ತಾರೆ. ಆಗ ಮೇಲಿನ ಹಕ್ಕಿ ಎಡಕ್ಕೆ ನೋಡಿದರೆ ಕೆಳಗಿನದೂ ಎಡಕ್ಕೇ ನೋಡುತ್ತದೆ. ಎಲೆ ತಿರುಗಿತೋ, ಎರಡೂ ಬಲಕ್ಕೆ! ಜಾದೂಗಾರರಿಗೆ ಇಂಥ ಬೆನ್ನು ಬೇಕಾಗಬಹುದು, ಆಟಕ್ಕೆ ಬೇಡ.

ಪೋಕರ್ ಅಳತೆಯ ಎಲೆ 63.5 × 88.9 ಮಿ.ಮೀ. ಸುತ್ತ ಅರೆಕಾಲು ಇಂಚು ಬ್ಲೀಡ್ (ಕತ್ತರಿಸುವಾಗ ಉದುರಿಹೋಗುವ ಹೆಚ್ಚುವರಿ ಜಾಗ) ಸೇರಿಸಿದರೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, 825 × 1125 ಪಿಕ್ಸೆಲ್. ಎರಡೂ ಬೆಸ ಸಂಖ್ಯೆ, ಹಾಗಾಗಿ ನಡುಬಿಂದು ಒಂದು ಪಿಕ್ಸೆಲ್‌ನ ಹೊಟ್ಟೆಯೊಳಗೆ ಬೀಳುತ್ತದೆ. ಅರ್ಧಗಳನ್ನು ಜೋಡಿಸುವಾಗ ಕೂದಲೆಳೆಯಷ್ಟು ಗೆರೆ ಉಳಿಯುವುದು ಇದರಿಂದಲೇ. ವೆಕ್ಟರ್‌ನಲ್ಲಿ (ಪಿಕ್ಸೆಲ್ ಬದಲು ಗಣಿತದ ಗೆರೆಗಳಲ್ಲಿ) ಬರೆಯಿರಿ, ಇಲ್ಲವೇ 600 ಡಿಪಿಐನಲ್ಲಿ 1650 × 2250 ಇಟ್ಟುಕೊಳ್ಳಿ. ಮುಗಿದ ಮೇಲೆ ಇಡೀ ಚಿತ್ರದ ಪ್ರತಿ ತೆಗೆದು, 180 ಡಿಗ್ರಿ ತಿರುಗಿಸಿ, ಮೇಲಿಟ್ಟು ಬ್ಲೆಂಡ್ ಮೋಡ್ (ಪದರಗಳು ಬೆರೆಯುವ ಬಗೆ) ಅನ್ನು ‘ಡಿಫರೆನ್ಸ್’ ಮಾಡಿ. ಪರದೆ ಪೂರ್ತಿ ಕಪ್ಪಾಗಬೇಕು. ಎಲ್ಲಿ ಬೆಳಕು ಇಣುಕುತ್ತದೋ ಅಲ್ಲಿ ತಪ್ಪಿದೆ.

ನಿಜವಾದ ಜಗ್ಗಾಟ ಅಂಚಿನದು. ಕತ್ತರಿಸುವಾಗ ಒಂದು ಮಿ.ಮೀ. ಆಚೀಚೆ ಆಗುವುದು ಮಾಮೂಲು. ಬಿಳಿ ಅಂಚನ್ನು 3 ಮಿ.ಮೀ. ಇಟ್ಟರೆ ಅದು ಒಂದು ಕಡೆ 2, ಇನ್ನೊಂದು ಕಡೆ 4 ಆಗಿ ಕಣ್ಣಿಗೆ ಹೊಡೆಯುತ್ತದೆ. 6 ಇಟ್ಟರೆ 5 ಮತ್ತು 7, ಅಷ್ಟಾಗಿ ಗೊತ್ತಾಗದು. ಅಂಚೇ ಬೇಡವೆಂದು ವಜ್ರಾಕಾರದ ಜಾಲರಿಯನ್ನು ತುದಿಯವರೆಗೂ ಹರಿಸಿದರೆ ಒಂದು ಬದಿಯಲ್ಲಿ ಅರ್ಧ ವಜ್ರ, ಎದುರು ಬದಿಯಲ್ಲಿ ಕಾಲು ವಜ್ರ ಉಳಿಯುತ್ತದೆ. 2012ರಲ್ಲಿ ಪೋಕರ್ ಆಟಗಾರ ಫಿಲ್ ಐವಿ ಲಂಡನ್ನಿನ ಕ್ಯಾಸಿನೊ ಒಂದರಲ್ಲಿ ಸುಮಾರು 77 ಲಕ್ಷ ಪೌಂಡ್ ಗೆದ್ದದ್ದು ಎಲೆಯ ಅಂಚಿನ ಇಂಥ ವ್ಯತ್ಯಾಸವನ್ನೇ ಓದಿ. ಹಣ ಮಾತ್ರ ಕೈಗೆ ಬರಲಿಲ್ಲ. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಅದನ್ನು ಮೋಸವೆಂದೇ ಹೇಳಿತು. ಅಂಚಿಲ್ಲದ ಬೆನ್ನೇ ಬೇಕೆಂದರೆ ತುದಿಯ ಹತ್ತಿರ ಒಂದೇ ಬಣ್ಣ ಹರಡಿ, ಲೆಕ್ಕಕ್ಕೆ ಸಿಗುವ ಆಕಾರ ಬೇಡ.

ಗಾಢ ಬಣ್ಣ ತುದಿಯವರೆಗೆ ಬಂದರೆ ಇನ್ನೊಂದು ತಾಪತ್ರಯವಿದೆ: ನಾಲ್ಕು ದಿನ ಕಲೆಸುವಷ್ಟರಲ್ಲಿ ಅಂಚಿನ ಶಾಯಿ ಉದುರಿ ಬಿಳಿ ಚುಕ್ಕೆಗಳು ಏಳುತ್ತವೆ. ಒಂದೊಂದು ಎಲೆಯಲ್ಲಿ ಒಂದೊಂದು ಥರ, ಅಂದರೆ ತಾನಾಗಿಯೇ ಬಿದ್ದ ಗುರುತು. ನನ್ನ ಓಟು ಅಗಲವಾದ ಬಿಳಿ ಅಂಚಿಗೇ.

ಬಣ್ಣವನ್ನು ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕಕ್ಕೆ) ಬದಲಿಸಿ ನೋಡಿಯೇ ಒಪ್ಪಿ. ಪರದೆಯಲ್ಲಿ ಮಿಂಚುವ ನೀಲಿ, ಹಸಿರು ಅಲ್ಲಿ ಮಂಕಾಗುತ್ತವೆ. ಗಾಢ ಹಿನ್ನೆಲೆಯಲ್ಲಿ ಬಿಡುವ ಬಿಳಿ ಗೆರೆ ಅರ್ಧ ಪಾಯಿಂಟಿಗಿಂತ (ಸುಮಾರು 0.18 ಮಿ.ಮೀ.) ಸಣ್ಣದಾದರೆ ಶಾಯಿ ನುಂಗುತ್ತದೆ.

ಅಚ್ಚಿಗೆ ಕಳಿಸುವ ಮುನ್ನ ನಿಜ ಅಳತೆಯಲ್ಲಿ ಹತ್ತು ಪ್ರತಿ ತೆಗೆದು ಕತ್ತರಿಸಿ, ಐದನ್ನು ತಿರುಗಿಸಿ ಕಲೆಸಿ, ಬೀಸಣಿಗೆಯಂತೆ ಹರಡಿ ಬೇರೆಯವರ ಕೈಗೆ ಕೊಡಿ. ತಿರುಗಿಸಿದ ಐದನ್ನು ಅವರು ಹೆಕ್ಕಿದರೆ ಮತ್ತೆ ಕಂಪ್ಯೂಟರಿನ ಮುಂದೆ ಕೂರಬೇಕು.